ದತ್ತಸಂಚಯದ ಪ್ರಶ್ನೆಗಳು ಮತ್ತು ಮಾಡೆಲ್ ಮ್ಯಾನೇಜರ್: ಒಂದು ವಿವೇಚನೆ

ಪತ್ರಿಕಾಲಯದಲ್ಲಿ ಸಿದ್ಧವಾಗುವ ಪ್ರತಿಯೊಂದು ವರದಿಯೂ ಓದುಗನ ಕೈ ಸೇರುವ ಮುನ್ನ ಕರಡು, ಪರಿಶೀಲನೆ, ಪ್ರಕಟಣೆ ಎಂಬ ಹಂತಗಳನ್ನು ದಾಟಬೇಕಾಗುತ್ತದೆ. ಮುದ್ರಣದ ಕಾಲದಲ್ಲಿ ಈ ಹಂತಗಳು ಬೇರೆ ಬೇರೆ ಕಾಗದಗಳಲ್ಲಿ, ಬೇರೆ ಬೇರೆ ಮೇಜುಗಳ ಮೇಲೆ ನಡೆಯುತ್ತಿದ್ದವು. ಜಾಲತಾಣದಲ್ಲಾದರೋ ಕರಡೂ ಪ್ರಕಟಿತ ವರದಿಯೂ ದತ್ತಸಂಚಯದ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕದ ಸಾಲುಗಳಾಗಿ ಇರುತ್ತವೆ. ಅವುಗಳನ್ನು ಬೇರ್ಪಡಿಸುವುದು ‘ಸ್ಥಿತಿ’ ಎಂಬ ಅಂಕಣದಲ್ಲಿರುವ ಒಂದು ಪದ ಮಾತ್ರ. ದತ್ತಸಂಚಯವನ್ನು ಪ್ರಶ್ನಿಸುವಾಗ ಆ ಪದವನ್ನು ನಮೂದಿಸಲು ಮರೆತರೆ, ಇನ್ನೂ ಪರಿಶೀಲನೆಗೆ ಒಳಪಡದ ಆರೋಪವೊಂದು ಸಾರ್ವಜನಿಕರ ಕಣ್ಣಿಗೆ ಬಿದ್ದು ಒಬ್ಬರ ಮಾನಕ್ಕೆ ಕುಂದು ತರಬಹುದು. ಇಂಥ ಮರೆವನ್ನು ತಡೆಯುವ ಒಂದು ವಿಧಾನವನ್ನೂ ಅದರ ಮಿತಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೈಥಾನ್ ಭಾಷೆಯಲ್ಲಿ ರಚಿತವಾದ ‘ಜ್ಯಾಂಗೊ’ ಎಂಬ ಜಾಲ ಚೌಕಟ್ಟು ಪತ್ರಿಕಾಲಯದಲ್ಲಿಯೇ ಹುಟ್ಟಿತೆಂಬುದು ಇಲ್ಲಿ ಗಮನಾರ್ಹ. ಅಮೆರಿಕದ ಕ್ಯಾನ್ಸಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯ ಜಾಲ ವಿಭಾಗದಲ್ಲಿ ಆಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ 2003ರಲ್ಲಿ ಇದನ್ನು ರೂಪಿಸತೊಡಗಿದರು. 2005ರಲ್ಲಿ ಅದು ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು.

ಜ್ಯಾಂಗೊದಲ್ಲಿ ದತ್ತಸಂಚಯದ ಕೋಷ್ಟಕವೊಂದನ್ನು ಪ್ರತಿನಿಧಿಸುವ ವರ್ಗಕ್ಕೆ ‘ಮಾಡೆಲ್’ ಎಂದು ಹೆಸರು. ಮಾಡೆಲ್ಲಿಗೂ ದತ್ತಸಂಚಯಕ್ಕೂ ನಡುವೆ ನಿಂತು ಪ್ರಶ್ನೆಗಳನ್ನು ಆರಂಭಿಸಿಕೊಡುವ ಅಂಗವೇ ‘ಮ್ಯಾನೇಜರ್’. ನಾವು ಯಾವುದನ್ನೂ ಹೇಳದಿದ್ದರೆ ‘ಆಬ್ಜೆಕ್ಟ್ಸ್’ ಎಂಬ ಹೆಸರಿನ ಮ್ಯಾನೇಜರ್ ತಾನಾಗಿ ಒದಗುತ್ತದೆ. ಅದು ಮರಳಿಸುವುದು ‘ಕ್ವೆರಿಸೆಟ್’ ಎಂಬ ವಸ್ತುವನ್ನು. ಕ್ವೆರಿಸೆಟ್ ಎಂದರೆ ಉತ್ತರವಲ್ಲ, ಇನ್ನೂ ಕೇಳದಿರುವ ಪ್ರಶ್ನೆ. ಫಲಿತಾಂಶ ನಿಜವಾಗಿ ಬೇಕಾಗುವವರೆಗೆ ಅದು ದತ್ತಸಂಚಯವನ್ನು ಮುಟ್ಟುವುದಿಲ್ಲ. ಆದುದರಿಂದ ಒಂದು ಷರತ್ತಿನ ಮೇಲೆ ಮತ್ತೊಂದನ್ನು ಪೋಣಿಸುತ್ತ ಹೋದರೂ ಕೊನೆಗೆ ಹೋಗುವುದು ಒಂದೇ ಪ್ರಶ್ನೆ.

ಈಗ ಸಮಸ್ಯೆಯನ್ನು ನೋಡಬಹುದು. ಮುಖಪುಟ, ವಿಭಾಗದ ಪುಟ, ಲೇಖಕರ ಪುಟ, ಹುಡುಕಾಟ ಇವೆಲ್ಲವೂ ವರದಿಗಳ ಪಟ್ಟಿಯನ್ನು ಕೇಳುತ್ತವೆ. ‘ಪ್ರಕಟವಾದವು ಮಾತ್ರ’ ಎಂಬ ಷರತ್ತನ್ನು ನಾಲ್ಕೂ ಕಡೆ ಬರೆಯಬೇಕು. ನಾಳೆ ‘ನಿಗದಿತ ಸಮಯ ಮೀರಿದವು ಮಾತ್ರ’ ಎಂಬ ಇನ್ನೊಂದು ಷರತ್ತು ಸೇರಿದರೆ ನಾಲ್ಕೂ ಕಡೆ ತಿದ್ದಬೇಕು. ಮೂರು ಕಡೆ ತಿದ್ದಿ ಒಂದು ಕಡೆ ಬಿಟ್ಟರೂ ಕ್ರಮವಿಧಿ ದೋಷವನ್ನು ತೋರಿಸದೆ ಓಡುತ್ತಲೇ ಇರುತ್ತದೆ. ತಪ್ಪು ಮೊದಲು ತಿಳಿಯುವುದು ಓದುಗನಿಗೆ.

ಪರಿಹಾರ ಸರಳವಾದುದು. ಮೂಲ ಮ್ಯಾನೇಜರ್ ವರ್ಗದಿಂದ ಹೊಸದೊಂದು ವರ್ಗವನ್ನು ಪಡೆದು, ಅದರ ‘ಗೆಟ್ ಕ್ವೆರಿಸೆಟ್’ ಎಂಬ ವಿಧಾನವನ್ನು ಮರುರಚಿಸಬೇಕು. ಆ ವಿಧಾನವು ಮೊದಲು ಮೂಲ ವರ್ಗದಿಂದ ಎಲ್ಲ ಸಾಲುಗಳ ಕ್ವೆರಿಸೆಟ್ಟನ್ನು ಪಡೆದು, ಅದಕ್ಕೆ ಸ್ಥಿತಿ ಮತ್ತು ಸಮಯದ ಷರತ್ತುಗಳನ್ನು ಹಚ್ಚಿ ಮರಳಿಸುತ್ತದೆ. ಈ ವರ್ಗವನ್ನು ‘ಪ್ರಕಟಿತ’ ಎಂಬ ಹೆಸರಿನಲ್ಲಿ ಮಾಡೆಲ್ಲಿಗೆ ಜೋಡಿಸಿದರೆ ಸಾರ್ವಜನಿಕ ಪುಟಗಳೆಲ್ಲ ಅದರ ಮೂಲಕವೇ ಕೇಳಬಹುದು. ವಿಧಾನವು ಪ್ರತಿ ಸಲವೂ ಹೊಸದಾಗಿ ಕರೆಯಲ್ಪಡುವುದರಿಂದ, ‘ಈಗಿನ ಸಮಯ’ವನ್ನು ಅದರ ಒಳಗೇ ಪಡೆಯಬೇಕು. ಹೊರಗೆ ಒಮ್ಮೆ ಪಡೆದಿಟ್ಟರೆ ಗಡಿಯಾರ ಅಲ್ಲಿಗೇ ನಿಂತಂತಾಗುತ್ತದೆ. ಪ್ರಕಟಿತ ವರದಿಗಳಲ್ಲಿ ಮತ್ತೆ ವಿಭಾಗವಾರು ಷರತ್ತುಗಳನ್ನು ಪೋಣಿಸಬೇಕಾದಾಗ, ಅವನ್ನು ಕ್ವೆರಿಸೆಟ್ ವರ್ಗದಲ್ಲಿಯೇ ಬರೆದು ಮ್ಯಾನೇಜರಾಗಿ ಪರಿವರ್ತಿಸುವ ಸೌಲಭ್ಯವು 2014ರ 1.7ನೆಯ ಆವೃತ್ತಿಯಿಂದ ದೊರೆತಿದೆ.

ಇಲ್ಲಿ ಎಚ್ಚರ ವಹಿಸಬೇಕಾದ ಅಂಶಗಳುಂಟು. ಮೊದಲನೆಯದಾಗಿ, ಬೇರೆ ಮ್ಯಾನೇಜರನ್ನು ಜೋಡಿಸಿದೊಡನೆ ‘ಆಬ್ಜೆಕ್ಟ್ಸ್’ ತಾನಾಗಿ ಬರುವುದಿಲ್ಲ, ಅದನ್ನೂ ಬರೆಯಬೇಕು. ಎರಡನೆಯದಾಗಿ, ಬೇರೆ ಸೂಚನೆಯಿಲ್ಲದಿದ್ದಲ್ಲಿ ಮೊದಲು ಬರೆದ ಮ್ಯಾನೇಜರೇ ಮಾಡೆಲ್ಲಿನ ಪೂರ್ವನಿಯೋಜಿತ ಮ್ಯಾನೇಜರ್ ಆಗುತ್ತದೆ. ಆ ಸ್ಥಾನದಲ್ಲಿ ‘ಪ್ರಕಟಿತ’ವನ್ನು ಇರಿಸಿದರೆ ನಿರ್ವಹಣಾ ಪುಟದಲ್ಲಿ ಸಂಪಾದಕನಿಗೇ ತನ್ನ ಕರಡುಗಳು ಕಾಣದಾಗುತ್ತವೆ. ಶೀರ್ಷಿಕೆಯ ಅನನ್ಯತೆಯನ್ನು ಪರೀಕ್ಷಿಸುವಾಗಲೂ ಜ್ಯಾಂಗೊ ಇದೇ ಮ್ಯಾನೇಜರನ್ನು ಬಳಸುತ್ತದೆ. ಅಡಗಿರುವ ಕರಡಿನ ಶೀರ್ಷಿಕೆ ಅದಕ್ಕೆ ಕಾಣದೆ ಪರೀಕ್ಷೆ ಸಫಲವಾದರೂ ದತ್ತಸಂಚಯವು ಆ ಸಾಲನ್ನು ತಿರಸ್ಕರಿಸುತ್ತದೆ. ಆದ್ದರಿಂದ ಸೋಸದ ಮ್ಯಾನೇಜರನ್ನು ಮೊದಲಿಗೂ ಸೋಸುವುದನ್ನು ಅನಂತರವೂ ಬರೆಯುವುದು ಉಚಿತ.

ಆದರೆ ಈ ಕ್ರಮದಿಂದಲೇ ಮೂರನೆಯ ತೊಡಕು ಹುಟ್ಟುತ್ತದೆ. ಲೇಖಕನಿಂದ ಹೊರಟು ಅವನ ವರದಿಗಳನ್ನು ಕೇಳಿದಾಗ ಬಳಕೆಯಾಗುವುದು ಪೂರ್ವನಿಯೋಜಿತ ಮ್ಯಾನೇಜರ್. ಅದು ಸೋಸದಿರುವುದರಿಂದ ಕರಡುಗಳೂ ಹೊರಬರುತ್ತವೆ. ಅಲ್ಲಿ ಯಾವ ಮ್ಯಾನೇಜರ್ ಬೇಕೆಂಬುದನ್ನು ಹೆಸರಿಸಿಯೇ ಕೇಳಬೇಕು. ಹಾಗೆಯೇ ಪ್ರತಿಕ್ರಿಯೆಯೊಂದರಿಂದ ಅದರ ವರದಿಗೆ ಹೋಗುವಾಗ ‘ಬೇಸ್ ಮ್ಯಾನೇಜರ್’ ಎಂಬ ಬೇರೆ ಅಂಗ ಬಳಕೆಯಾಗುತ್ತದೆ; ನಮ್ಮ ಸೋಸುವಿಕೆ ಅದಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ಹೀಗೆ ಮ್ಯಾನೇಜರ್ ಎಂಬುದು ಬಾಗಿಲೇ ಹೊರತು ಗೋಡೆಯಲ್ಲ. ದತ್ತಸಂಚಯದೊಳಗೆ ರಚಿಸುವ ‘ವ್ಯೂ’ಗೆ ಮಾತ್ರ ಪ್ರವೇಶಾಧಿಕಾರ ಕೊಟ್ಟರೆ, ಆ ನಿರ್ಬಂಧ ಅದನ್ನು ಬಳಸುವ ಯಾವುದೇ ಕ್ರಮವಿಧಿಗೂ ಅನ್ವಯವಾಗುತ್ತದೆ, ಮ್ಯಾನೇಜರಾದರೋ ತನ್ನನ್ನು ಹೆಸರಿಟ್ಟು ಕರೆದವರನ್ನಷ್ಟೇ ಕಾಯುತ್ತದೆ. ಆದರೂ ಅದರ ಉಪಯೋಗ ಸಣ್ಣದಲ್ಲ. ಹಲವೆಡೆ ಚದುರಿದ್ದ ನಿಯಮಕ್ಕೆ ಅದು ಒಂದು ನೆಲೆಯನ್ನೂ ಒಂದು ಹೆಸರನ್ನೂ ಕೊಡುತ್ತದೆ. ಹೆಸರುಳ್ಳ ನಿಯಮವನ್ನು ಪರೀಕ್ಷಿಸಬಹುದು, ತಿದ್ದಬಹುದು, ಹೊಸದಾಗಿ ಬಂದ ಸಹೋದ್ಯೋಗಿಗೆ ತೋರಿಸಬಹುದು. ಯಾವುದನ್ನು ಓದುಗನ ಮುಂದಿಡಬೇಕೆಂಬ ತೀರ್ಮಾನ ಸಂಪಾದಕನದು; ಆ ತೀರ್ಮಾನ ದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ಕ್ರಮವಿಧಿ ರಚಿಸುವವನ ಹೊಣೆ.