ಗಣಕಯಂತ್ರದ ನಿದ್ರೆಯೂ ದೂರದಿಂದ ಎಚ್ಚರಿಸುವ ಕ್ರಮವೂ

ಗಣಕಯಂತ್ರವನ್ನು ನಿಲ್ಲಿಸಿದಾಗ ‘ಬಂದಾಯಿತು’ ಎನ್ನುವುದು ರೂಢಿ. ಈ ಮಾತು ಪೂರ್ಣವಾಗಿ ಸರಿಯಲ್ಲ. ದೀಪವು ಆರುವುದಕ್ಕೂ ಮನುಷ್ಯನು ಮಲಗುವುದಕ್ಕೂ ಇರುವ ಭೇದವೇ ಇಲ್ಲಿಯೂ ಉಂಟು. ಆರಿದ ದೀಪವು ಕರೆದರೆ ಉರಿಯದು. ಮಲಗಿದವನಾದರೋ ಕರೆದರೆ ಏಳುವನು. ಈ ಭೇದವನ್ನರಿತ ಹೊರತು, ನಿಂತ ಯಂತ್ರವನ್ನು ದೂರದಿಂದ ಎಬ್ಬಿಸುವ ಕ್ರಮವು ಮನಸ್ಸಿಗೆ ಹತ್ತಲಾರದು.

2020ರ ಸಾಂಕ್ರಾಮಿಕದ ಕಾಲದಲ್ಲಿ ಬೆಂಗಳೂರಿನ ಉದ್ಯೋಗಿಗಳನೇಕರು ಹುಟ್ಟೂರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡಿದರು. ಅಂಥವನೊಬ್ಬನು ಯಲ್ಲಾಪುರ ತಾಲೂಕಿನ ನಂದೊಳ್ಳಿಯಲ್ಲಿರುವನೆಂದೂ, ಅವನಿಗೆ ಬೇಕಾದ ಕಡತಗಳು ಬೆಂಗಳೂರಿನ ಕಚೇರಿಯ ನಿಂತ ಯಂತ್ರದಲ್ಲಿರುವುವೆಂದೂ ಭಾವಿಸೋಣ. ಗುಂಡಿಯನ್ನೊತ್ತಲು ಅಲ್ಲಿ ಯಾರೂ ಇಲ್ಲ. ಆಗ ಉಪಯೋಗಕ್ಕೆ ಬರುವುದು ‘ವೇಕ್-ಆನ್-ಲ್ಯಾನ್’ ಎಂಬ ವ್ಯವಸ್ಥೆ.

ಇದರ ಮರ್ಮವು ಸರಳವಾದುದು. ಗೋಡೆಯಿಂದ ವಿದ್ಯುತ್ತು ಬರುತ್ತಿರುವ ತನಕ, ನಿಂತ ಯಂತ್ರದೊಳಗೂ 5 ವೋಲ್ಟಿನ ಕಿರುಧಾರೆಯೊಂದು ಹರಿಯುತ್ತಿರುತ್ತದೆ. ಅದರ ಬಲದಿಂದ ಜಾಲದ ಕಾರ್ಡು, ಮನೆಮಂದಿಯೆಲ್ಲ ಮಲಗಿದ ಮೇಲೂ ಎಚ್ಚರವಿರುವ ಕಾವಲುಗಾರನಂತೆ, ಕಿವಿಗೊಟ್ಟಿರುತ್ತದೆ. ಅದು ಕಾಯುವ ಸಂದೇಶಕ್ಕೆ ‘ಮ್ಯಾಜಿಕ್ ಪ್ಯಾಕೆಟ್’ ಎಂದು ಹೆಸರು. ಮೊದಲು ಎಲ್ಲ ಅಂಕಗಳೂ ಒಂದೇ ಆಗಿರುವ 6 ಬೈಟುಗಳು. ಅನಂತರ ಆ ಕಾರ್ಡಿನ 6 ಬೈಟುಗಳ ವಿಳಾಸವು 16 ಸಲ. ಒಟ್ಟು 102 ಬೈಟುಗಳು. ಕಾರ್ಡು ಸಂದೇಶದ ಅರ್ಥವನ್ನು ತಿಳಿಯಲಾರದು, ಅದರ ಆಕಾರವನ್ನಷ್ಟೇ ಗುರುತಿಸಬಲ್ಲದು. ಇಷ್ಟು ಪುನರುಕ್ತಿಯಿರುವ ಸಂದೇಶವು ಅಕಸ್ಮಾತ್ತಾಗಿ ಒದಗುವುದು ದುರ್ಲಭವಾದುದರಿಂದ, ಯಂತ್ರವು ಅಕಾರಣವಾಗಿ ಏಳುವ ಭಯವಿಲ್ಲ. ಕಾವ್ಯದಲ್ಲಿ ದೋಷವೆನಿಸುವ ಪುನರುಕ್ತಿಯು ಇಲ್ಲಿ ಗುಣವಾಗಿದೆ.

ಆದರೆ ಈ ಕೂಗು ಸಾಮಾನ್ಯವಾಗಿ ಕಚೇರಿಯ ಸ್ವಂತ ಜಾಲದೊಳಗೆ ಮಾತ್ರ ಕೇಳಿಸುವುದು. ಆದಕಾರಣ ನಂದೊಳ್ಳಿಯಲ್ಲಿರುವವನು ಕಚೇರಿಯ ಎಚ್ಚರವಿರುವ ಮತ್ತೊಂದು ಯಂತ್ರವನ್ನು ಸುರಕ್ಷಿತ ಮಾರ್ಗದಿಂದ ಸೇರಿ, ಅದರ ಮೂಲಕ ಕೂಗಿಸಬೇಕು. ಯಂತ್ರದ ಮೂಲ ವಿನ್ಯಾಸದಲ್ಲಿ ಮೊದಲೇ ಇದಕ್ಕೆ ಅನುಮತಿಯಿತ್ತಿರಬೇಕು. ಮಲಗಿಸಿಬಂದ ಮೇಲೆ ಮಾಡುವ ಯೋಚನೆ ವ್ಯರ್ಥ.

ಯಂತ್ರವು ಘಟ್ಟದ ಮೇಲಣ ಊರಿನಲ್ಲಿದ್ದರೆ ಮತ್ತೊಂದು ತೊಡಕುಂಟು. ಮಳೆಗಾಲದಲ್ಲಿ ಮರವು ತಂತಿಯ ಮೇಲೆ ಬಿದ್ದು ವಿದ್ಯುತ್ತು ತಪ್ಪಿದರೆ ಕಾವಲುಗಾರನೂ ಮಲಗುವನು. ವಿದ್ಯುತ್ತು ಮರಳಿದೊಡನೆ ಯಂತ್ರವು ತಾನಾಗಿ ಏಳುವಂತೆ ವಿಧಿಸುವುದೇ ಇದಕ್ಕೆ ಪರಿಹಾರ.

ಇದೇ ತತ್ತ್ವದ ಮಹತ್ತರ ನಿದರ್ಶನವು ಚಂದ್ರಯಾನ-3ರಲ್ಲಿ ದೊರೆಯುತ್ತದೆ. 2023ರ ಸೆಪ್ಟೆಂಬರ್ 4ರಂದು ವಿಕ್ರಮ ನೌಕೆಯನ್ನು ಮಲಗಿಸುವಾಗ ಇಸ್ರೋ ಸಂಸ್ಥೆಯು ಇತರ ಉಪಕರಣಗಳನ್ನು ನಿಲ್ಲಿಸಿ, ಸಂದೇಶಗ್ರಾಹಕವನ್ನು ತೆರೆದಿಟ್ಟಿತು. ಚಂದ್ರನಲ್ಲಿ ಮತ್ತೆ ಹಗಲಾದ ಮೇಲೆ, ಸೆಪ್ಟೆಂಬರ್ 22ರಂದು ಕರೆದಾಗ ಉತ್ತರ ಬರಲಿಲ್ಲ. ಅಲ್ಲಿಯ ರಾತ್ರಿಯ ಕಡುಶೀತವನ್ನು ತಾಳುವಂತೆ ಆ ನೌಕೆಯು ರಚಿತವಾಗಿರಲಿಲ್ಲ. ಎಬ್ಬಿಸುವ ಸಾಮರ್ಥ್ಯವು ಕರೆಯುವವನ ಕೂಗಿನಲ್ಲಿಲ್ಲ. ಮಲಗಿದುದರೊಳಗೆ ಎಚ್ಚರವಾಗಿ ಉಳಿದ ಅಲ್ಪಾಂಶದಲ್ಲಿದೆ ಎಂಬುದು ಎರಡು ಉದಾಹರಣೆಗಳಿಂದಲೂ ಸಿದ್ಧವಾಗುತ್ತದೆ.