ಹಳಿ ಬದಿಯ ಕಾಮಗಾರಿ: ಯೋಜನೆ ಆಯಾ ಸ್ಥಳದ್ದಾಗಿರಲಿ

2024ರ ನವೆಂಬರ್ 2ರಂದು ಕೇರಳದ ಶೊರನೂರಿನ ಬಳಿ ಭಾರತಪ್ಪುಳ ಸೇತುವೆಯ ಮೇಲೆ ಕೇರಳ ಎಕ್ಸ್‌ಪ್ರೆಸ್ ಬಡಿದು ನಾಲ್ವರು ಸ್ವಚ್ಛತಾ ಕಾರ್ಮಿಕರು ಮೃತಪಟ್ಟರು. ತಮಿಳುನಾಡಿನವರಾದ ಅವರು ಗುತ್ತಿಗೆಯ ಆಳುಗಳು. ಅದರ ಹಿಂದಿನ ವರ್ಷ, ಆಗಸ್ಟ್ 30ರ ನಡುರಾತ್ರಿ, ಇಟಲಿಯ ಟ್ಯೂರಿನ್ ಸಮೀಪದ ಬ್ರಾಂದಿಟ್ಸೊದಲ್ಲಿ ಹಳಿಯ ಕೆಲಸದಲ್ಲಿದ್ದ ಗುತ್ತಿಗೆ ಸಂಸ್ಥೆಯ ಐವರು ಖಾಲಿ ರೈಲೊಂದಕ್ಕೆ ಬಲಿಯಾಗಿದ್ದರು. ಸಂಚಾರ ತಡೆಯ ಅನುಮತಿ ಬರುವ ಮೊದಲೇ ಅಲ್ಲಿ ಕೆಲಸ ಆರಂಭವಾಗಿತ್ತು.

ನಿಯಮಗಳಿಲ್ಲವೆಂದು ಯಾರೂ ಹೇಳಲಾರರು. ರೈಲ್ವೆ ಮೇಲ್ವಿಚಾರಕನಿಲ್ಲದೆ ಗುತ್ತಿಗೆದಾರನು ಹಳಿಯ ಬಳಿ ಕೆಲಸ ಆರಂಭಿಸುವಂತಿಲ್ಲ. ಯಂತ್ರಗಳು ಓಡಾಡುವ ಜಾಗವನ್ನು ಗುರುತು ಮಾಡಿ ಗುತ್ತಿಗೆದಾರನಿಂದ ಒಪ್ಪಿಗೆ ಪಡೆದಿರಬೇಕು. ಅವನ ಮೇಲ್ವಿಚಾರಕನಿಗೆ ಅರ್ಹತಾ ಪತ್ರವಿರಬೇಕು. ಇವೆಲ್ಲ ನಮ್ಮ ರೈಲ್ವೆಯ ಕೈಪಿಡಿಯಲ್ಲೇ ಇವೆ. ಆದರೆ ಕೈಪಿಡಿ ಇಡೀ ದೇಶಕ್ಕೆ ಒಂದೇ. ಹಳಿ ಹಾಗಲ್ಲ, ಒಂದೆಡೆ ನೇರ, ಇನ್ನೊಂದೆಡೆ ತಿರುವು, ಮತ್ತೊಂದೆಡೆ ಗುಡ್ಡ ಕಡಿದ ಕಣಿವೆ.

ಗಂಟೆಗೆ 110 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಆಳುಗಳು ಹಾರೆ-ಗುದ್ದಲಿ ಎತ್ತಿಕೊಂಡು ಬದಿಗೆ ಸರಿಯಲು 15 ಸೆಕೆಂಡು ಬೇಕೆಂದಾದರೆ ಬಾವುಟದವನಿಗೆ ರೈಲು ಸುಮಾರು 460 ಮೀಟರ್ ದೂರದಲ್ಲೇ ಕಾಣಬೇಕು. ತಿರುವಿನಾಚೆ 200 ಮೀಟರ್ ಮಾತ್ರ ಕಾಣುವ ಸ್ಥಳದಲ್ಲಿ ಅವನನ್ನು ಆಳುಗಳ ಪಕ್ಕದಲ್ಲೇ ನಿಲ್ಲಿಸಿದರೆ ಏನು ಪ್ರಯೋಜನ? ಇಬ್ಬರು ಬೇಕು, ಇಲ್ಲವೇ ಬ್ಲಾಕ್ ಬೇಕು. ಸೇತುವೆಯ ಮೇಲಾದರೆ ಸರಿಯಲು ಬದಿಯೇ ಇರುವುದಿಲ್ಲ. ಜೆಸಿಬಿಯ ತೋಳು ತಿರುಗಿದಾಗ ಎಲ್ಲಿಯವರೆಗೆ ಚಾಚುತ್ತದೆ, 25,000 ವೋಲ್ಟ್‌ನ ಮೇಲ್ತಂತಿಯಿಂದ 2 ಮೀಟರ್ ಅಂತರ ಉಳಿಯುತ್ತದೆಯೇ, ಅಗೆಯುವಲ್ಲಿ ಸಿಗ್ನಲ್ ಕೇಬಲ್ ಹೋಗಿದೆಯೇ, ಬ್ಲಾಕ್ ಮುಗಿದಾಗ ಯಾರು ಯಾರಿಗೆ ತಿಳಿಸಬೇಕು ಎಂಬುದೆಲ್ಲ ಅಲ್ಲಿಗೆ ಹೋಗಿ ನೋಡಿ ಬರೆಯಬೇಕಾದ ಮಾತು. ಸ್ಥಳನಿರ್ದಿಷ್ಟ ಕಾಮಗಾರಿ ಯೋಜನೆಯೆಂದರೆ ಇದು.

ಬರೆಯುವುದಿಲ್ಲವೇ? ಬರೆಯುತ್ತಾರೆ. ಲೋಕೋಪಯೋಗಿ ಕಡತಗಳನ್ನು ತಿರುವಿ ಹಾಕಿದವರಿಗೆ ಗೊತ್ತು: ಹಿಂದಿನ ಕಾಮಗಾರಿಯ ಪುಟಗಳಲ್ಲಿ ಊರಿನ ಹೆಸರು ಬದಲಾಗಿರುತ್ತದೆ, ಕೆಲವೊಮ್ಮೆ ಅದೂ ಬದಲಾಗಿರುವುದಿಲ್ಲ. ಇದನ್ನು ಸೋಮಾರಿತನವೆಂದು ಬೈದು ಸುಮ್ಮನಾಗುವುದು ಸುಲಭ. ಅರ್ಥಶಾಸ್ತ್ರದ ಕಣ್ಣಿಗೆ ಕಾಣುವುದೇ ಬೇರೆ. ಅತಿ ಕಡಿಮೆ ದರ ನಮೂದಿಸಿದವನಿಗೆ ಗುತ್ತಿಗೆ. ಕಾಂಕ್ರೀಟಿಗೆ, ಮಣ್ಣಿಗೆ ಅಳತೆಯುಂಟು, ಹಣವುಂಟು. ಸುರಕ್ಷತೆಯನ್ನು ಸಾಮಾನ್ಯ ಷರತ್ತುಗಳಲ್ಲಿ ಸೇರಿಸಿದರೆ ಇನ್ನೊಬ್ಬ ಬಾವುಟದವನ ಕೂಲಿ ಗುತ್ತಿಗೆದಾರನ ಲಾಭದಿಂದಲೇ ಹೋಗಬೇಕು. ಪ್ರಾಮಾಣಿಕವಾಗಿ ಲೆಕ್ಕ ಹಾಕಿದವನು ಟೆಂಡರಿನಲ್ಲೇ ಸೋಲುತ್ತಾನೆ.

ರೈಲ್ವೆಯ ಪಾಲೂ ಸಣ್ಣದಲ್ಲ. ಬ್ಲಾಕ್ ಕೊಟ್ಟರೆ ರೈಲುಗಳು ತಡವಾಗುತ್ತವೆ; ಕೊಡದಿದ್ದರೆ ಬಾಡಿಗೆಯ ಕ್ರೇನ್ ಸುಮ್ಮನೆ ನಿಲ್ಲುತ್ತದೆ, ಕೆಲಸ ಕದ್ದು ನಡೆಯುತ್ತದೆ. 2017ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಖತೌಲಿಯಲ್ಲಿ ಸಂಚಾರ ತಡೆಯಿಲ್ಲದೆಯೇ ಹಳಿ ದುರಸ್ತಿ ನಡೆದು ಉತ್ಕಲ್ ಎಕ್ಸ್‌ಪ್ರೆಸ್ ಹಳಿ ತಪ್ಪಿದಾಗ 20ಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು. ಅಲ್ಲಿದ್ದವರು ಗುತ್ತಿಗೆಯವರೂ ಅಲ್ಲ, ಇಲಾಖೆಯವರೇ.

ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆಯ 148 ಕಿ.ಮೀ.ಯಲ್ಲಿ ಬಹುಭಾಗ ಈಗ ರೈಲು ಓಡುತ್ತಿರುವ ಹಳಿಗಳ ಮಗ್ಗುಲಲ್ಲೇ ಸಾಗಬೇಕು. ಇಂಥ ಕಾಮಗಾರಿಗಳಲ್ಲಿ ಸ್ಥಳಯೋಜನೆಗೆ, ಬಾವುಟದವರಿಗೆ, ಬ್ಯಾರಿಕೇಡಿಗೆ ಇಲಾಖೆಯೇ ನಿಗದಿಪಡಿಸಿದ ಪ್ರತ್ಯೇಕ ಮೊತ್ತವಿರಲಿ. ದರಪೈಪೋಟಿಯಿಂದ ಅದನ್ನು ಹೊರಗಿಡಲಿ. ಸ್ಥಳದಲ್ಲಿ ಎಣಿಸಿ ನೋಡಿದ ಮೇಲೆಯೇ ಬಿಲ್ಲು ಪಾವತಿಯಾಗಲಿ. ರೈಲ್ವೆಯೂ ಯೋಜನೆಗೆ ಸಹಿ ಹಾಕುವಾಗಲೇ ಬ್ಲಾಕಿನ ದಿನ, ಗಂಟೆಗಳನ್ನು ಬರೆದು ಕೊಡಲಿ. ಆ ಹಾಳೆಯ ಕನ್ನಡ, ತಮಿಳು, ಹಿಂದಿ ಪ್ರತಿ ಮೇಸ್ತ್ರಿಯ ಕೈಯಲ್ಲಿರಬೇಕು. ಇಂಗ್ಲಿಷಿನ ಪ್ರತಿ ಕಚೇರಿಯ ಕಪಾಟಿನಲ್ಲಿ ಹೇಗೂ ಇರುತ್ತದೆ.