‘ಗುಡ್ಡ ಜರಿದ ಮೇಲೆ’ ಎಂದು ಕೇಳಿ ನೋಡಿ

ಮಡಿಕೇರಿ ಘಾಟಿಯ ಬುಡದ ಸಂಪಾಜೆಯ ಯಾವುದಾದರೂ ಮನೆಯ ಜಗಲಿಯಲ್ಲಿ ಕುಳಿತು ‘ಕಳೆದ ಏಳೆಂಟು ವರ್ಷದಲ್ಲಿ ನಿಮ್ಮ ತೋಟಕ್ಕೆ ಎಷ್ಟು ಸಲ ನೀರು ನುಗ್ಗಿದೆ?’ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಎರಡೋ ಮೂರೋ ಇರಬೇಕು ಎನ್ನುತ್ತಾರೆ ಯಜಮಾನರು. ಅಲ್ಲ, ನಾಲ್ಕು ಎಂದು ಒಳಗಿನಿಂದ ಇನ್ನೊಂದು ದನಿ ಬರುತ್ತದೆ. ಅದನ್ನೇ ‘ಜೋಡುಪಾಲದಲ್ಲಿ ಗುಡ್ಡ ಜರಿದ ಮೇಲೆ ಎಷ್ಟು ಸಲ?’ ಎಂದು ಕೇಳಿ. ಲೆಕ್ಕ ಬೇರೆಯೇ ಥರ ಶುರುವಾಗುತ್ತದೆ: ಜರಿದ ವರ್ಷ ಒಂದು ಸಲ, ಭೂಮಿ ನಡುಗಿದ ವರ್ಷ ಮತ್ತೊಂದು, ಮಗಳ ಮದುವೆಗೆ ಮೊದಲಿನ ಆಟಿ ತಿಂಗಳಲ್ಲಿ ಇನ್ನೊಂದು.

2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯುದ್ದಕ್ಕೂ ಬರೆ ಕುಸಿಯಿತು. ಮದೆನಾಡು, ಮೊಣ್ಣಂಗೇರಿ, ಜೋಡುಪಾಲಗಳಲ್ಲಿ ಗುಡ್ಡಗಳೇ ಜಾರಿ ಬಂದವು, ಜೀವಗಳು ಹೋದವು. ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಸಂಪಾಜೆ, ಕಲ್ಲುಗುಂಡಿಗಳಲ್ಲಿ ಪರಿಹಾರ ಕೇಂದ್ರಗಳು ತೆರೆದವು. ಆಮೇಲೆ 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯದ ಕಡೆ ಭೂಮಿ ಮತ್ತೆ ಮತ್ತೆ ಕಂಪಿಸಿತು. 28ರ ಬೆಳಗಿನ ಕಂಪನದ ತೀವ್ರತೆ 3.0 ಇತ್ತು. ಇವೆರಡೂ ಇಲ್ಲಿನವರಿಗೆ ಕಾಲ ಎಣಿಸುವ ಗಡಿಕಲ್ಲುಗಳಾದವು. ಇದು ಹಳೆಯ ಪದ್ಧತಿಯೇ. ಹುಟ್ಟಿದ ದಿನ ಬರೆದಿಡುವ ರೂಢಿ ಇಲ್ಲದಿದ್ದ ಕಾಲದಲ್ಲಿ ಘಟ್ಟದ ಕೆಳಗಿನ ಹಿರಿಯರು 1923ರ ‘ಮಾರಿ ಬೊಳ್ಳ’ ಎಂಬ ಮಹಾನೆರೆಯ ಹಿಂದೆಮುಂದೆ ವಯಸ್ಸು ಹೇಳುತ್ತಿದ್ದರು.

ಓದು ಬಾರದವರ ಲೆಕ್ಕ ಎಂದು ಪೇಟೆಯವರು ಇದನ್ನು ತಳ್ಳಿಹಾಕಿದ್ದುಂಟು. ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞೆ ಇದನ್ನೇ ಪ್ರಯೋಗಕ್ಕೆ ಒಡ್ಡಿದರು. ಎಲಿಜಬೆತ್ ಲಾಫ್ಟಸ್, 1944ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಅವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ, 1980ರ ಮೇ 18ರಂದು, ಅದೇ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತ ಸ್ಫೋಟಿಸಿತು. ಆರು ತಿಂಗಳಾದ ಮೇಲೆ ಅವರೂ ಸಹೋದ್ಯೋಗಿ ವೆಸ್ಲಿ ಮಾರ್ಬರ್ಗರ್ ಅವರೂ ಜನರನ್ನು ಎರಡು ಗುಂಪು ಮಾಡಿ, ಕಳ್ಳತನ, ಹೊಡೆತ ಇತ್ಯಾದಿಗೆ ಗುರಿಯಾಗಿದ್ದೀರಾ ಎಂದು ವಿಚಾರಿಸಿದರು. ಒಂದು ಗುಂಪಿಗೆ ‘ಕಳೆದ ಆರು ತಿಂಗಳಲ್ಲಿ’ ಎಂದರು, ಇನ್ನೊಂದಕ್ಕೆ ‘ಪರ್ವತ ಸ್ಫೋಟಿಸಿದ ಮೇಲೆ’ ಎಂದರು. ಕಾಲಾವಧಿ ಒಂದೇ. ಆದರೂ ಮೊದಲ ಗುಂಪಿನವರು ಹೆಚ್ಚು ಘಟನೆಗಳನ್ನು ಹೇಳಿದರು. ಅದಕ್ಕೂ ಮೊದಲು ಆದದ್ದನ್ನೂ ಅವರು ಆರು ತಿಂಗಳೊಳಕ್ಕೆ ಎಳೆದುಕೊಂಡಿದ್ದರು. ಮಳೆ ಬಿಟ್ಟ ಬೆಳಗ್ಗೆ ದೂರದ ಗುಡ್ಡ ಹತ್ತಿರ ಕಂಡಂತೆ, ಮನಸ್ಸಿಗೆ ನಾಟಿದ ಘಟನೆ ಇತ್ತೀಚಿನದೇ ಅನ್ನಿಸುತ್ತದೆ. ಪರ್ವತದ ಹೆಸರು ಕೇಳಿದವರಿಗೆ ಮಾತ್ರ ಇದು ಅದಕ್ಕೆ ಮೊದಲೋ ನಂತರವೋ ಎಂದು ತಾಳೆ ನೋಡಲು ಒಂದು ಆಧಾರ ಸಿಕ್ಕಿತು. ಪ್ರಬಂಧ 1983ರಲ್ಲಿ ಪ್ರಕಟವಾಯಿತು. ಜಗಲಿಯ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಸಮೀಕ್ಷೆಯ ಪ್ರಶ್ನೆ ಹೀಗೆ ಸಣ್ಣಪುಟ್ಟ ವ್ಯತ್ಯಾಸ ಮಾಡಿದರೆ ಏನು ಮುಳುಗಿಹೋಯಿತು ಎಂದು ಕೇಳಬಹುದು. ನಮ್ಮ ದೇಶದ ಬಡತನದ ಅಂಕಿಅಂಶ ನೋಡಿದರೆ ಗೊತ್ತಾಗುತ್ತದೆ. ಮನೆಯ ಆಹಾರದ ಖರ್ಚನ್ನು ಕಳೆದ 30 ದಿನಕ್ಕೆ ಕೇಳಬೇಕೋ 7 ದಿನಕ್ಕೋ ಎಂಬ ಪ್ರಶ್ನೆ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಕಾಲದಿಂದಲೇ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಜೊತೆಗಿದೆ. ವಾರದ ಲೆಕ್ಕ ಕೇಳಿದರೆ ಜನ ಹೆಚ್ಚು ತಿಂದಂತೆ ಉತ್ತರ ಬರುತ್ತದೆ, ತಿಂಗಳದ್ದು ಕೇಳಿದರೆ ಕಡಿಮೆ. 1990ರ ದಶಕದಲ್ಲಿ ಎರಡನ್ನೂ ಬೇರೆ ಬೇರೆ ಮನೆಗಳಲ್ಲಿ ಕೇಳಿ ನೋಡಿದಾಗ, ವಾರದ ಲೆಕ್ಕದಿಂದ ಬಡವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಯಾರ ಒಲೆಯ ಮೇಲಿನ ಪಾತ್ರೆಗೂ ಒಂದು ಹಿಡಿ ಅಕ್ಕಿ ಹೆಚ್ಚು ಬಿದ್ದಿರಲಿಲ್ಲ. 1999–2000ದ ಸಮೀಕ್ಷೆಯಲ್ಲಿ ಎರಡನ್ನೂ ಒಂದೇ ಮನೆಯಲ್ಲಿ ಅಕ್ಕಪಕ್ಕ ಕೇಳಿದರು. ಅದರಿಂದ ಬಂದ ಬಡತನದ ಲೆಕ್ಕವನ್ನು ನಂಬಬಹುದೇ ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು.

ಲಾಫ್ಟಸ್ ಹೆಸರು ಮನೆಮಾತಾಗಿದ್ದು ಮಾತ್ರ ಸಮೀಕ್ಷೆಯಿಂದಲ್ಲ, ಅಪಘಾತದಿಂದ. ಸಂಪಾಜೆಯಂಥ ಘಾಟಿಯ ಬುಡದ ಊರಿಗೆ ಅಪಘಾತವೂ ಹೊಸದಲ್ಲ, ಅದರ ಸಾಕ್ಷಿಯಾಗಿ ಮಡಿಕೇರಿ ಕೋರ್ಟಿಗೆ ಹತ್ತುವುದೂ ಹೊಸದಲ್ಲ. ತಿರುವಿನಲ್ಲಿ ಲಾರಿ ಕಾರಿಗೆ ಬಡಿಯುತ್ತದೆ. ಶಬ್ದ ಕೇಳಿ ಅಂಗಡಿಯವರು ಹೊರಗೆ ಓಡಿ ಬರುತ್ತಾರೆ. ಪೊಲೀಸರು ಕೇಳುತ್ತಾರೆ: ಎಷ್ಟು ಸ್ಪೀಡಲ್ಲಿತ್ತು?

1974ರಲ್ಲಿ ಲಾಫ್ಟಸ್ ಮತ್ತು ಅವರ ವಿದ್ಯಾರ್ಥಿ ಜಾನ್ ಪಾಮರ್ 45 ಮಂದಿ ವಿದ್ಯಾರ್ಥಿಗಳಿಗೆ ಅಪಘಾತದ ತುಣುಕು ಚಿತ್ರಗಳನ್ನು ತೋರಿಸಿ ಇದೇ ಪ್ರಶ್ನೆ ಕೇಳಿದರು. ಬದಲಿಸಿದ್ದು ಒಂದೇ ಕ್ರಿಯಾಪದ. ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಷ್ಟು ವೇಗವಿತ್ತು ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 40 ಮೈಲಿ ಎಂದರು. ‘ತಾಗಿದಾಗ’ ಎಂದು ಕೇಳಿಸಿಕೊಂಡವರದ್ದು ಸುಮಾರು 32. ಎರಡನೆಯ ಪ್ರಯೋಗದಲ್ಲಿ 150 ಮಂದಿ ಇದ್ದರು. ಒಂದು ವಾರ ಬಿಟ್ಟು ಅವರನ್ನು ಕರೆಸಿ, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜಿನ ಒಂದು ಚೂರೂ ಇರಲಿಲ್ಲ. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಕಂಡೆವು ಎಂದರು. ‘ಹೊಡೆದಾಗ’ ಎಂದು ಕೇಳಿಸಿಕೊಂಡಿದ್ದವರಲ್ಲಿ 7 ಮಂದಿ, ವೇಗದ ಪ್ರಶ್ನೆಯನ್ನೇ ಕೇಳದವರಲ್ಲಿ 6.

ಆ ಹದಿನಾರು ಜನ ಸುಳ್ಳುಗಾರರಲ್ಲ. ನನಗೆ ಈ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಕೇಳಿಸಿಕೊಂಡವರಿಗೆ ಗೊತ್ತಿಲ್ಲದೆಯೇ ಪ್ರಶ್ನೆಯ ಒಂದು ಪದ ಅವರ ನೆನಪಿನೊಳಗೆ ಗಾಜಿನ ಚೂರು ಹಾಕಿಬಿಟ್ಟಿತ್ತು. ಒಮ್ಮೆ ಒಳಗೆ ಹೋದದ್ದು ಅವರ ಸ್ವಂತದ ನೆನಪೇ ಆಗಿಬಿಡುತ್ತದೆ, ಯಾರು ಆಣೆ ಹಾಕಿಸಿದರೂ ಅವರು ಹಾಗೇ ಹೇಳುತ್ತಾರೆ.

ಈಗ ನಮ್ಮ ಠಾಣೆಗಳ ಕಾಗದ ತೆಗೆದು ನೋಡಿ. ರಸ್ತೆ ಅಪಘಾತದ ದೂರು, ಹೇಳಿಕೆಗಳಲ್ಲಿ ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿ’ ಎಂಬ ಸಾಲು ಅಚ್ಚು ಹೊಡೆದಂತೆ ಬರುತ್ತದೆ. ಅಡಿಕೆ ಸುಲಿಯುವ ಹೆಂಗಸೂ ಅದನ್ನೇ ಹೇಳಿರುತ್ತಾರೆ, ಬಸ್ಸಿಗೆ ಕಾಯುತ್ತಿದ್ದ ಹುಡುಗನೂ ಅದನ್ನೇ ಹೇಳಿರುತ್ತಾನೆ. ಅದು ಸಾಕ್ಷಿಯ ಮಾತಲ್ಲ, ಕಾನೂನಿನ ಕಲಮಿನಿಂದ ಇಳಿದು ಬಂದ ಭಾಷೆ. ಬರೆದುಕೊಂಡವರು ಅದನ್ನು ಓದಿ ಹೇಳಿದಾಗ ‘ಹೌದು ಸಾರ್’ ಎಂದವರು, ಎರಡು ಮೂರು ವರ್ಷ ಬಿಟ್ಟು ಸಮನ್ಸ್ ಬಂದಾಗ ನೆನಪಿಸಿಕೊಳ್ಳುವುದು ರಸ್ತೆಯನ್ನೋ ಆ ಸಾಲನ್ನೋ?

ಈ ಸಾಲಿಗೆ ಬೆಲೆ ಎಷ್ಟು ಎಂಬುದನ್ನು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೂಗಿ ನೋಡಿತು. 1998ರ ಕರ್ನಾಟಕ ಸರ್ಕಾರ ವಿರುದ್ಧ ಸತೀಶ್ ಪ್ರಕರಣ. ಲಾರಿ ಮಗುಚಿ ಜನ ಸತ್ತಿದ್ದರು. ಸಾಕ್ಷಿಗಳೆಲ್ಲ ಲಾರಿ ಅತಿವೇಗದಲ್ಲಿತ್ತು ಎಂದಿದ್ದರು. ಅತಿವೇಗ ಎಂದರೆ ಎಷ್ಟು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ವೇಗ ಎಂಬುದು ಸಾಪೇಕ್ಷ, ಆ ಒಂದು ಮಾತಿನಿಂದ ಅಜಾಗರೂಕತೆ ಸಾಬೀತಾಗದು ಎಂದು ನ್ಯಾಯಾಲಯ ಚಾಲಕನ ಬಿಡುಗಡೆಯನ್ನು ಎತ್ತಿಹಿಡಿಯಿತು. ಸತ್ತವರ ಮನೆಯವರಿಗೆ ಅದೆಷ್ಟು ಕಹಿಯಾಗಿದ್ದಿರಬೇಕು. ಆದರೆ ಸೋತದ್ದು ಸಾಕ್ಷಿಗಳ ಕಣ್ಣಲ್ಲ, ಅವರಿಂದ ಮಾತು ಹೊರಡಿಸಿದ ಕ್ರಮ ಸೋತಿತು.

ಕಾನೂನಿಗೆ ಈ ಅಪಾಯ ಗೊತ್ತಿಲ್ಲವೆಂದಲ್ಲ. ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆಯನ್ನು, ಎದುರು ಪಕ್ಷ ಆಕ್ಷೇಪಿಸಿದರೆ, ಮುಖ್ಯ ವಿಚಾರಣೆಯಲ್ಲಿ ಸಾಮಾನ್ಯವಾಗಿ ಕೇಳುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಉಳಿದಿದೆ. ಆದರೆ ನೆನಪು ಕಲಸಿಹೋಗುವುದು ಕಟಕಟೆಯಲ್ಲಲ್ಲ, ಅದಕ್ಕೆ ಎಷ್ಟೋ ಮೊದಲು. ಠಾಣೆಯ ಬೆಂಚಿನ ಮೇಲೆ, ಟಿವಿ ಮೈಕಿನ ಎದುರು, ಹತ್ತು ಗುಂಪುಗಳಲ್ಲಿ ಓಡಾಡಿದ ವಾಟ್ಸ್‌ಆ್ಯಪ್ ವಿಡಿಯೋದಲ್ಲಿ. ಘಟನೆಯ ನಂತರ ಕಿವಿಗೆ ಬಿದ್ದ ತಪ್ಪು ಮಾಹಿತಿ ಕಣ್ಣಾರೆ ಕಂಡದ್ದರ ಜಾಗದಲ್ಲಿ ಕೂರಬಲ್ಲದು ಎಂಬುದನ್ನು ಲಾಫ್ಟಸ್ ತಂಡ 1978ರಲ್ಲೇ ತೋರಿಸಿತ್ತು.

ನೆನಪು ಎಂಬುದು ಒಳಗೆಲ್ಲೋ ಭದ್ರವಾಗಿದೆ, ಔಷಧ ಕೊಟ್ಟರೆ ಹೊರಬರುತ್ತದೆ ಎಂದು ನಂಬಿದ ಕಾಲವೂ ಇತ್ತು. ನಾರ್ಕೋ ಪರೀಕ್ಷೆಗೆ ಬೆಂಗಳೂರು ದೇಶದಲ್ಲೇ ಹೆಸರಾಗಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಸಲ್ಲದು ಎಂದಿತು.

ಔಷಧವಿಲ್ಲದ ಸಲೀಸಾದ ದಾರಿ ಇದೆ. 1980ರ ದಶಕದಲ್ಲಿ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸೆಲ್ಮನ್ ರೂಪಿಸಿದ ವಿಚಾರಣಾ ಕ್ರಮ. ಮೊದಲು ಪ್ರಶ್ನೆಯೇ ಬೇಡ. ನೀವು ಎಲ್ಲಿ ನಿಂತಿದ್ದಿರಿ, ಮಳೆ ಇತ್ತೇ, ಕೈಯಲ್ಲಿ ಏನಿತ್ತು, ಆ ಹೊತ್ತಿಗೆ ಮನಸ್ಸನ್ನು ಒಯ್ಯಿರಿ. ಕಂಡದ್ದನ್ನೆಲ್ಲ ನಿಮ್ಮದೇ ಮಾತಿನಲ್ಲಿ ಹೇಳಿ, ಚಿಲ್ಲರೆ ಅನ್ನಿಸಿದ್ದನ್ನೂ ಬಿಡಬೇಡಿ. ಹೇಳುವಾಗ ನಡುವೆ ಬಾಯಿ ಹಾಕಬಾರದು. ಸಂಪಾಜೆಯಲ್ಲಾದರೆ ಅರೆಭಾಷೆಯಲ್ಲೋ ತುಳುವಿನಲ್ಲೋ ಹೇಳಲಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಲಿ. ಇದಕ್ಕೆ ಬೇಕಾಗುವುದು ಒಂದಿಷ್ಟು ಸಮಯ, ಒಂದು ಕುರ್ಚಿ.

ಲಾಫ್ಟಸ್ ಅವರ ಕೆಲಸದ ಬಗ್ಗೆ ನನಗೊಂದು ಆತಂಕವೂ ಇದೆ. ‘ನೆನಪನ್ನು ನಂಬುವಂತಿಲ್ಲ’ ಎಂಬ ಅರ್ಧ ಮಾತನ್ನು ಹಿಡಿದು, ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಮಾತನ್ನೇ ಅಲ್ಲಗಳೆಯುವುದು ಸುಲಭ. 2020ರಲ್ಲಿ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ಮೇಲಿನ ಅತ್ಯಾಚಾರ ಪ್ರಕರಣದ ವಿಚಾರಣೆಯಲ್ಲಿ ಅವರು ಆರೋಪಿಯ ಪರವಾಗಿ ಸಾಕ್ಷ್ಯ ನುಡಿದಾಗ ಬಂದ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಇಲ್ಲಿ ನಮ್ಮದೇ ಸುಪ್ರೀಂ ಕೋರ್ಟಿನ ಒಂದು ತೀರ್ಪು ನನಗೆ ಹೆಚ್ಚು ಪಕ್ವವಾಗಿ ಕಾಣುತ್ತದೆ. 1983ರ ಭೋಗಿನ್‌ಭಾಯಿ ಹಿರ್ಜಿಭಾಯಿ ವಿರುದ್ಧ ಗುಜರಾತ್ ಸರ್ಕಾರ ಪ್ರಕರಣ. ಸಾಕ್ಷಿಯ ಮನಸ್ಸು ವಿಡಿಯೋ ಟೇಪ್ ಅಲ್ಲ, ಘಟನೆ ನಡೆದ ಸಮಯ ಎಷ್ಟು, ಎಷ್ಟು ಹೊತ್ತು ನಡೆಯಿತು ಎಂಬುದನ್ನು ಜನ ಕೇಳಿದಾಗ ಅಂದಾಜಿನ ಮೇಲೆ ಹೇಳುತ್ತಾರೆ, ಒಬ್ಬರು ಗಮನಿಸಿದ್ದನ್ನು ಇನ್ನೊಬ್ಬರು ಗಮನಿಸಿರುವುದಿಲ್ಲ ಎಂದು ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಅದರಲ್ಲಿ ವಿವರವಾಗಿ ಬರೆದರು. ಅದು ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣ. ಇಷ್ಟೆಲ್ಲ ಬರೆದ ಮೇಲೂ ನ್ಯಾಯಾಲಯ ಆ ಮಕ್ಕಳನ್ನು ನಂಬಿತು. ಸಣ್ಣಪುಟ್ಟ ವಿವರಗಳು ಹೊಂದಲಿಲ್ಲ ಎಂದು ಮೂಲದ ಮಾತನ್ನು ತಳ್ಳಿಹಾಕಲು ಒಪ್ಪದೆ, ಆರೋಪಿ ಅಪರಾಧಿ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು.